ಧಣಿ ಬರೆದುಕೊಟ್ಟ ಚೀಟಿ

1809ರಲ್ಲಿ ಬ್ರಿಟಿಷರ ಪಡೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದು ನೆಲೆಯೂರಿತು. ಪಡೆಯ ಹಿಂದೆಯೇ ಬಂಗಲೆಗಳು ಎದ್ದವು. ಬಂಗಲೆಗೆ ಬಟ್ಲರ್ ಬೇಕು, ಅಡುಗೆಯವನು ಬೇಕು, ಕುದುರೆ ನೋಡಿಕೊಳ್ಳಲು ಒಬ್ಬ, ಮಗು ಆಡಿಸಲು ಆಯಾ. ದಂಡಿನಲ್ಲಿ ಕೆಲಸ ಕೇಳಿಕೊಂಡು ಬಂದವರು ಜಗಲಿಯ ಮೆಟ್ಟಿಲ ಬಳಿ ನಿಂತು, ಬಟ್ಟೆಯ ಗಂಟು ಬಿಚ್ಚಿ, ಮಡಿಕೆ ಮಡಿಕೆಯಾಗಿ ಸವೆದ ಕಾಗದಗಳನ್ನು ದೊರೆಸಾನಿಯ ಕೈಗೆ ಕೊಡುತ್ತಿದ್ದರು. ಹಿಂದಿನ ಧಣಿಗಳು ಊರು ಬಿಡುವಾಗ ಬರೆದುಕೊಟ್ಟ ಕಾಗದಗಳವು. ಇಂಡಿಯಾದಲ್ಲಿದ್ದ ಇಂಗ್ಲಿಷರು ಅದನ್ನು ‘ಚಿಟ್’ ಎನ್ನುತ್ತಿದ್ದರು. ಹಿಂದಿಯ ಚಿಟ್ಠಿ, ಕನ್ನಡದ ಚೀಟಿ ಎಲ್ಲ ಒಂದೇ ಬಳಗದ ಮಾತುಗಳು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ಈ ಪದಕ್ಕೆ ಕಾಗದ ಎಂಬ ಅರ್ಥದ ಜೊತೆಗೆ, ಆಳಿಗೆ ಕೊಡುವ ಪ್ರಮಾಣಪತ್ರ ಎಂಬ ಅರ್ಥವನ್ನೂ ಸೇರಿಸಿದೆ.

ಚೀಟಿಯಲ್ಲಿ ಏನಿದೆ ಎಂಬುದು ಅದನ್ನು ಜೋಪಾನವಾಗಿ ಹೊತ್ತು ತಂದವನಿಗೆ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಬರೆದದ್ದು ಇಂಗ್ಲಿಷಿನಲ್ಲಿ, ಅವನಿಗೆ ಬರುತ್ತಿದ್ದದ್ದು ಕೇಳಿ ಕಲಿತ ನಾಲ್ಕು ಮಾತು. ಆ ಕಾಲದ ಇಂಗ್ಲಿಷರ ನೆನಪಿನ ಪುಸ್ತಕಗಳಲ್ಲಿ ಇದೊಂದು ತಮಾಷೆಯಾಗಿ ಮತ್ತೆ ಮತ್ತೆ ಬರುತ್ತದೆ: ‘ಇವನನ್ನು ಕೆಲಸಕ್ಕಿಟ್ಟುಕೊಳ್ಳಬೇಡಿ’ ಎಂದು ಬರೆದ ಚೀಟಿಯನ್ನೇ ಬಡಪಾಯಿ ಹೆಮ್ಮೆಯಿಂದ ಮುಂದೆ ಹಿಡಿಯುತ್ತಾನೆ, ಬಂಗಲೆಯವರು ನಗುತ್ತಾರೆ. ಮೆಟ್ಟಿಲ ಕೆಳಗಿನಿಂದ ನೋಡಿದರೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಒಬ್ಬ ಮನುಷ್ಯನ ಅನ್ನ ಇನ್ನೊಬ್ಬರ ಎರಡು ಸಾಲಿನ ಮೇಲೆ ನಿಂತಿದೆ. ಆ ಸಾಲನ್ನು ಅವನು ಓದಲಾರ, ಪ್ರಶ್ನಿಸಲಾರ. ಬರೆದ ಧಣಿ ಅಷ್ಟರಲ್ಲಿ ಹಡಗು ಹತ್ತಿರುತ್ತಾನೆ.

ಬರೆದವನು ಸುಳ್ಳು ಬರೆದಿದ್ದರೆ? ಸುಳ್ಳಲ್ಲದಿದ್ದರೂ ಸರಿಯಾಗಿ ವಿಚಾರಿಸದೆ ಗೀಚಿದ್ದರೆ? ಕಾನೂನು ಯಾರ ಕಡೆ ನಿಲ್ಲುತ್ತದೆ? ಇಂಗ್ಲೆಂಡಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಇನ್ನೂರು ವರ್ಷಕ್ಕೂ ಮಿಕ್ಕಿ ತಿರುವಿಹಾಕಿವೆ.

ಕಥೆ ಶುರುವಾಗುವುದು ಚಾಟಿಯಿಂದ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1563ರಲ್ಲಿ, ಕೆಲಸಗಾರರನ್ನು ಕುರಿತ ದೊಡ್ಡ ಶಾಸನವೊಂದು ಬಂತು. ಒಬ್ಬ ಧಣಿಯ ಸೇವೆ ಬಿಟ್ಟು ಬೇರೆ ಊರಿಗೆ ಹೋಗುವ ಆಳು ತಾನು ಕ್ರಮವಾಗಿಯೇ ಬಿಡುಗಡೆಯಾಗಿದ್ದೇನೆ ಎಂಬುದಕ್ಕೆ ಮುದ್ರೆ ಒತ್ತಿದ ಪತ್ರ ಇಟ್ಟುಕೊಂಡಿರಬೇಕಿತ್ತು. ಪತ್ರವಿಲ್ಲದವನನ್ನು ಕೆಲಸಕ್ಕಿಟ್ಟುಕೊಂಡ ಧಣಿಗೆ 5 ಪೌಂಡ್ ದಂಡ. ಪತ್ರವಿಲ್ಲದೆ ಸಿಕ್ಕಿಬಿದ್ದ ಆಳು ಪತ್ರ ತರಿಸಿಕೊಳ್ಳುವವರೆಗೆ ಸೆರೆಮನೆಯಲ್ಲಿ. 21 ದಿನದೊಳಗೆ ತರಿಸಿಕೊಳ್ಳಲಾಗದಿದ್ದರೆ ಅವನನ್ನು ಅಲೆಮಾರಿಯೆಂದು ಬಗೆದು ಚಾಟಿಯಿಂದ ಹೊಡೆಯುತ್ತಿದ್ದರು. ಆ ಪತ್ರಕ್ಕೂ ಆಳಿನ ಗುಣಕ್ಕೂ ಸಂಬಂಧವಿರಲಿಲ್ಲ. ದುಡಿಯುವ ಜನ ಹೇಳದೆ ಕೇಳದೆ ಊರು ಬಿಡದಂತೆ ಹಾಕಿದ ಬೇಲಿ ಅದು.

ಹದಿನೆಂಟನೆಯ ಶತಮಾನದ ಹೊತ್ತಿಗೆ ಬೇಲಿ ಸಡಿಲಿ, ಲಂಡನ್ನಿಗೆ ಹಳ್ಳಿಗಳಿಂದ ಜನ ಹರಿದು ಬರುತ್ತಿದ್ದರು. ಮನೆಗೆಲಸವೇ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದ ಮುಖ್ಯ ದುಡಿಮೆ. ಗುರುತಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಭಯ ಒಂದು ಕಡೆ, ಗುರುತು ಹೇಳುವವರಿಲ್ಲದೆ ಬೀದಿಗೆ ಬೀಳುವ ಭಯ ಇನ್ನೊಂದು ಕಡೆ. ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಮತ್ತು ಅವನ ಕುರುಡ ತಮ್ಮ ಜಾನ್ ಫೀಲ್ಡಿಂಗ್, ಇಬ್ಬರೂ ಮ್ಯಾಜಿಸ್ಟ್ರೇಟರಾಗಿದ್ದವರು, 1750ರಲ್ಲಿ ಸ್ಟ್ರ್ಯಾಂಡ್ ಬೀದಿಯಲ್ಲಿ ‘ಯೂನಿವರ್ಸಲ್ ರಿಜಿಸ್ಟರ್ ಆಫೀಸ್’ ತೆರೆದರು. ಆಳು ಬೇಕಾದವರನ್ನೂ ಕೆಲಸ ಬೇಕಾದವರನ್ನೂ ಸೇರಿಸುವುದು ಅಲ್ಲಿಯ ಮುಖ್ಯ ಕೆಲಸಗಳಲ್ಲೊಂದು. ಹಿಂದಿನ ಧಣಿಯ ಮಾತಿಗೆ ಆಗ ‘ಕ್ಯಾರೆಕ್ಟರ್’ ಎಂದೇ ಹೆಸರು. ಆಳು ಧಣಿಯ ಬಳಿ ಕ್ಯಾರೆಕ್ಟರ್ ಕೇಳುತ್ತಾಳೆ, ಧಣಿ ಕ್ಯಾರೆಕ್ಟರ್ ಕೊಡುತ್ತಾನೆ. ನಡತೆಯೆಂಬುದು ಬೇರೆಯವರು ಕೈಯೆತ್ತಿ ಕೊಡುವ ವಸ್ತುವೆಂಬಂತೆ ಆ ಭಾಷೆಯೇ ರೂಢಿಯಾಗಿತ್ತು. ನಮ್ಮ ಶಾಲೆಗಳ ವರ್ಗಾವಣೆ ಪತ್ರದಲ್ಲಿ ‘ನಡತೆ’ಯ ಎದುರು ಹೆಡ್‌ಮಾಸ್ಟರು ‘ತೃಪ್ತಿಕರ’ ಎಂದು ಬರೆಯುವುದನ್ನು ಕಂಡವರಿಗೆ ಈ ರೂಢಿ ಹೊಸದೆನಿಸದು.

1766ರ ಒಂದು ಮೊಕದ್ದಮೆ ವರದಿ ತೀರಾ ಚಿಕ್ಕದು, ಕೆಲವೇ ಸಾಲು. ಆದರೆ ಮುಂದಿನದೆಲ್ಲ ಅಲ್ಲಿಂದಲೇ ಬೆಳೆದದ್ದು. ಮನೆಗೆಲಸದ ಹುಡುಗಿಯೊಬ್ಬಳ ಬಗ್ಗೆ ಹೊಸ ಮನೆಯವರು ವಿಚಾರಿಸಿದಾಗ ಹಿಂದಿನ ಧಣಿ ಹೇಳಿದ್ದು ಇಷ್ಟು: ಬಾಯಿ ಜೋರು, ಎದುರು ಮಾತಾಡುತ್ತಾಳೆ, ಎಷ್ಟೋ ರಾತ್ರಿ ತನ್ನ ಹಾಸಿಗೆಯಲ್ಲಿ ಇರುವುದಿಲ್ಲ, ಆದರೆ ಚೊಕ್ಕಟದ ಹುಡುಗಿ, ಕೆಲಸ ಚೆನ್ನಾಗಿ ಮಾಡುತ್ತಾಳೆ. ಹೊಸ ಮನೆಯ ಕೆಲಸ ತಪ್ಪಿತು. ತಪ್ಪಿದ್ದು ಆ ಮಾತಿನಿಂದಲೇ ಎಂದು ಸಾಬೀತೂ ಆಯಿತು. ಆದರೂ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಇದನ್ನು ಸಾಮಾನ್ಯ ಮಾನಹಾನಿಯಂತೆ ನೋಡಲಾಗದು, ಹೇಳಿದವನ ಮನಸ್ಸಿನಲ್ಲಿ ಕೆಡುಕಿತ್ತೇ ಎಂಬುದೇ ಇಲ್ಲಿಯ ತಿರುಳು ಎಂದ.

ಮಾನಹಾನಿಯ ಸಾಮಾನ್ಯ ಕಟ್ಟಳೆಯನ್ನು ಅವನು ಇಲ್ಲಿ ತಲೆಕೆಳಗು ಮಾಡಿದ. ಒಬ್ಬರ ಹೆಸರಿಗೆ ಮಸಿ ಬಳಿಯುವ ಮಾತು ಸುಳ್ಳಾಗಿದ್ದರೆ, ಆಡಿದವನ ದ್ವೇಷವನ್ನು ನ್ಯಾಯಾಲಯ ತಾನಾಗಿ ಊಹಿಸಿಕೊಳ್ಳುತ್ತಿತ್ತು. ಧಣಿಯ ವಿಷಯದಲ್ಲಿ ಮಾತ್ರ ಆ ಊಹೆಗೆ ಜಾಗವಿಲ್ಲ. ದ್ವೇಷವನ್ನು ಆಳೇ ರುಜುವಾತು ಮಾಡಬೇಕು. 1786ರಲ್ಲಿ ವೆದರ್‌ಸ್ಟನ್ ಮತ್ತು ಹಾಕಿನ್ಸ್ ನಡುವಿನ ವ್ಯಾಜ್ಯದಲ್ಲಿ ಇದೇ ಮಾತು ಮತ್ತಷ್ಟು ಗಟ್ಟಿಯಾಯಿತು. ಕೆಲಸ ಕಳೆದುಕೊಂಡವನ ಭಾವ ಧಣಿಯ ಮನೆಗೆ ಎಡತಾಕಿದ. ಕೊನೆಗೆ ಧಣಿ ಒಂದು ಕಾಗದ ಬರೆದು, ಆಳು ಇಂತಿಂಥ ಮೋಸ ಮಾಡಿದ್ದ ಎಂದು ತಿಳಿಸಿದ. ಆ ಕಾಗದವೇ ಮೊಕದ್ದಮೆಗೆ ಆಧಾರವಾಯಿತು. ಕೇಳಿದ್ದಕ್ಕೆ ಉತ್ತರ ಕೊಟ್ಟವನನ್ನು ಶಿಕ್ಷಿಸಲಾಗದು ಎಂದು ನ್ಯಾಯಾಲಯ ಆಳಿನ ದಾವೆಯನ್ನು ತಳ್ಳಿಹಾಕಿತು.

ಮ್ಯಾನ್ಸ್‌ಫೀಲ್ಡ್ ಕಲ್ಲೆದೆಯವನೆಂದು ತೀರ್ಮಾನಿಸುವುದು ಸುಲಭ, ಆದರೆ ನ್ಯಾಯವಲ್ಲ. 1772ರಲ್ಲಿ ಜೇಮ್ಸ್ ಸಾಮರ್‌ಸೆಟ್ ಎಂಬ ಗುಲಾಮನನ್ನು ಇಂಗ್ಲೆಂಡಿನಿಂದ ಬಲವಂತವಾಗಿ ಹೊರಗೊಯ್ಯುವಂತಿಲ್ಲ ಎಂದು ಬಿಡುಗಡೆ ಮಾಡಿಸಿದವನೂ ಅವನೇ. ಧಣಿಗಳೆಲ್ಲ ಹೆದರಿ ಬಾಯಿ ಮುಚ್ಚಿಕೊಂಡರೆ ಒಳ್ಳೆಯ ಆಳಿಗೂ ಒಳ್ಳೆಯ ಮಾತು ಸಿಗದೆ ಹೋಗುತ್ತದೆ. ರಕ್ಷಣೆಯ ಹಿಂದಿದ್ದ ಈ ತರ್ಕ ನಿಜವಾದದ್ದೇ, ಇವತ್ತಿಗೂ ಅದಕ್ಕೆ ತೂಕವಿದೆ. ಆದರೆ ಪ್ರಾಮಾಣಿಕವಾಗಿಯೇ ತಪ್ಪು ತಿಳಿದ ಧಣಿಯ ಮಾತಿನಿಂದ ಬೀದಿಪಾಲಾದ ಹುಡುಗಿಗೆ ಆ ತರ್ಕದಲ್ಲಿ ಉತ್ತರವೇ ಇರಲಿಲ್ಲ. ಎಲ್ಲರ ಅನುಕೂಲಕ್ಕಾಗಿ ಕೊಟ್ಟ ರಕ್ಷಣೆಯ ಬೆಲೆಯನ್ನು ಅವಳೊಬ್ಬಳೇ ತೆತ್ತಳು.

ಇತ್ತ ಸುಳ್ಳು ಕ್ಯಾರೆಕ್ಟರ್‌ಗಳ ದಂಧೆಯೂ ಬೆಳೆದಿತ್ತು. ಯಾರೋ ಧಣಿಯ ಹೆಸರು ಹೇಳಿಕೊಂಡು ಯಾರಿಗೋ ಹೊಗಳಿಕೆ ಬರೆದುಕೊಡುವುದು, ದುಡಿಯದ ಮನೆಯಲ್ಲಿ ದುಡಿದೆನೆನ್ನುವುದು, ಕಾಗದದ ತಾರೀಕು ತಿದ್ದುವುದು ಎಲ್ಲ ನಡೆದಿತ್ತು. 1792ರಲ್ಲಿ ಪಾರ್ಲಿಮೆಂಟು ಇದಕ್ಕೆಂದೇ ಕಾಯಿದೆ ಮಾಡಿತು. ದಂಡ 20 ಪೌಂಡ್. ಅದರಲ್ಲಿ ಅರ್ಧ ಸುದ್ದಿ ಕೊಟ್ಟವನಿಗೆ, ಅರ್ಧ ಆ ಪ್ಯಾರಿಷ್‌ನ ಬಡವರಿಗೆ. ಕಟ್ಟಲಾಗದವರಿಗೆ ಸೆರೆಮನೆ. ಕಾಯಿದೆ ಎಷ್ಟೋ ದಶಕ ಯಾರಿಗೂ ಬೇಡವಾಗಿ ಪುಸ್ತಕದಲ್ಲೇ ಕೂತಿದ್ದು 2008ರಲ್ಲಿ ರದ್ದಾಯಿತು. ಸುಳ್ಳು ಹೊಗಳಿಕೆ ತಡೆಯಲು ಕಾಯಿದೆ ಬಂತು. ತಪ್ಪು ತೆಗಳಿಕೆ ತಡೆಯಲು ಅಂಥದ್ದೇನೂ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಧಣಿ ಏನನ್ನೂ ಹೇಳದಿದ್ದರೆ? 1800ರಲ್ಲಿ ಕ್ಯಾರಲ್ ಮತ್ತು ಬರ್ಡ್ ನಡುವಿನ ಮೊಕದ್ದಮೆಯಲ್ಲಿ ಲಾರ್ಡ್ ಕೆನ್ಯನ್ ಒಂದೇ ಏಟಿಗೆ ತೀರ್ಪು ಕೊಟ್ಟ: ಆಳಿಗೆ ಕ್ಯಾರೆಕ್ಟರ್ ಕೊಡಲೇಬೇಕೆಂಬ ಬಾಧ್ಯತೆ ಧಣಿಗಿಲ್ಲ. ಮಾತಾಡಿದರೆ ರಕ್ಷಣೆ, ಸುಮ್ಮನಿದ್ದರೂ ರಕ್ಷಣೆ.

ಹಾಗೆಂದು ಗೋಡೆಯಲ್ಲಿ ಬಿರುಕೇ ಇರಲಿಲ್ಲವೆಂದಲ್ಲ. 1803ರ ರೋಜರ್ಸ್ ಮತ್ತು ಕ್ಲಿಫ್ಟನ್ ಮೊಕದ್ದಮೆಯ ಧಣಿ, ಕೆಲಸದಿಂದ ತೆಗೆದ ಆಳಿಗೆ ಎಲ್ಲೂ ನೆಲೆ ಸಿಗಬಾರದೆಂದು ಯಾರೂ ಕೇಳದಿದ್ದರೂ ತಾನೇ ಮುಂದಾಗಿ ಅವನ ಮೇಲೆ ದೂರು ಹೇಳಿದ್ದ. ಕೇಳದೆ ಹೇಳಿದ ಆ ಆತುರದಲ್ಲೇ ಜ್ಯೂರಿಗೆ ದ್ವೇಷ ಕಂಡಿತು, ಆಳು ಗೆದ್ದ. 1834ರ ಟೂಗುಡ್ ಮತ್ತು ಸ್ಪೈರಿಂಗ್ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಡೆವನ್ ಅರ್ಲನ ಗೇಣಿದಾರನೊಬ್ಬನ ಮನೆಗೆ ಬಾಗಿಲು ರಿಪೇರಿಗೆ ಬಂದ ಬಡಗಿಯ ಮೇಲೆ, ನೆಲಮಾಳಿಗೆಯ ಬಾಗಿಲು ಒಡೆದು ಕುಡಿದು ಕೆಲಸ ಹಾಳುಮಾಡಿದ ಎಂಬ ಆರೋಪ ಬಂತು. ಗೇಣಿದಾರ ಅದನ್ನು ಬಡಗಿಯನ್ನು ಕಳಿಸಿದ ಮೇಸ್ತ್ರಿಗೆ ಹೇಳಿದ, ಜೊತೆಯ ಕೆಲಸಗಾರನಿಗೂ ಹೇಳಿದ. ನ್ಯಾಯಾಧೀಶ ಪಾರ್ಕ್ ಎರಡನ್ನೂ ಬೇರೆ ಬೇರೆ ತೂಗಿದ. ಮೇಸ್ತ್ರಿಗೆ ಹೇಳುವುದು ಗೇಣಿದಾರನ ಹಕ್ಕು, ಅದಕ್ಕೆ ರಕ್ಷಣೆಯುಂಟು. ಬಡಗಿ ಇಲ್ಲದಾಗ ಅವನ ಜೊತೆಗಾರನ ಮುಂದೆ ಆಡಿದ್ದು ಬೇಡದ ಉಸಾಬರಿ, ಅದಕ್ಕಿಲ್ಲ. ಕರ್ತವ್ಯಕ್ಕಾಗಿಯೋ ತನ್ನ ವ್ಯವಹಾರಕ್ಕಾಗಿಯೋ, ಕೇಳಬೇಕಾದವರಿಗೆ, ಪ್ರಾಮಾಣಿಕವಾಗಿ ಆಡಿದ ಮಾತನ್ನು ಸಮಾಜದ ಒಳಿತಿಗಾಗಿ ಕಾನೂನು ಕಾಯುತ್ತದೆ ಎಂದು ಪಾರ್ಕ್ ಹಾಕಿಕೊಟ್ಟ ಗೆರೆ ಇಂಗ್ಲಿಷ್ ಕಾನೂನು ಹೋದಲ್ಲೆಲ್ಲ ಹೋಯಿತು.

ಭಾರತಕ್ಕೂ ಬಂತು. ಆದರೆ ಇಲ್ಲಿಗೆ ಬರುವಾಗ ಅದರೊಳಗೆ ಒಂದು ಮಾತು ಹೊಸದಾಗಿ ಸೇರಿಕೊಂಡಿತು.

ಮೆಕಾಲೆ 1837ರಲ್ಲಿ ಕರಡು ಮಾಡಿದ, 1860ರಲ್ಲಿ ಅಂಗೀಕಾರವಾದ, 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 499ನೆಯ ಕಲಮು ಮಾನಹಾನಿಯದು. ಅದಕ್ಕೆ ಹತ್ತು ವಿನಾಯಿತಿಗಳಿವೆ. ಎಂಟನೆಯದರ ಕೆಳಗಿನ ಉದಾಹರಣೆಗಳಲ್ಲೊಂದು: ‘ಎ’ ಎಂಬವನು ಸದ್ಭಾವನೆಯಿಂದ, ‘ಝಡ್’ ಎಂಬ ಆಳಿನ ನಡತೆಯ ಬಗ್ಗೆ ಅವನ ಧಣಿಗೆ ದೂರು ಹೇಳಿದರೆ ಅದು ಅಪರಾಧವಲ್ಲ. ಒಂಬತ್ತನೆಯದು ತನ್ನ ಅಥವಾ ಬೇರೆಯವರ ಹಿತ ಕಾಯಲು ಸದ್ಭಾವನೆಯಿಂದ ಆಡಿದ ಮಾತಿನದು. ಮಾಜಿ ಧಣಿ ಹೊಸ ಧಣಿಗೆ ಕೊಡುವ ಎಚ್ಚರಿಕೆ ಇದರಡಿ ಬರುತ್ತದೆ. ಇಲ್ಲಿಯವರೆಗೆ ಎಲ್ಲ ಲಂಡನ್ನಿನದೇ. ಆದರೆ ಅದೇ ಸಂಹಿತೆಯ 52ನೆಯ ಕಲಮು ‘ಸದ್ಭಾವನೆ’ಯ ಅರ್ಥವನ್ನೇ ಬಿಗಿ ಮಾಡಿತು: ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ್ದನ್ನೂ ನಂಬಿದ್ದನ್ನೂ ಸದ್ಭಾವನೆ ಎನ್ನುವಂತಿಲ್ಲ.

ಅಂದರೆ ಇಲ್ಲಿಯ ಧಣಿ ‘ನಾನು ಹಾಗೆಂದು ನಂಬಿದ್ದೆ’ ಎಂದರೆ ಸಾಲದು. ನಂಬುವ ಮೊದಲು ವಿಚಾರಿಸಿದ್ದೆಯಾ ಎಂಬ ಪ್ರಶ್ನೆಯನ್ನು ಎದುರಿಸಬೇಕು. ಇದು ಕ್ರಿಮಿನಲ್ ಕಾನೂನಿನ ಮಾತು, ಪರಿಹಾರದ ಹಣ ಕೇಳುವ ಸಿವಿಲ್ ದಾವೆಗಳ ದಾರಿ ಬೇರೆ, ನಿಜ. ದಂಡಿನ ಬಟ್ಲರ್ ಈ ಕಲಮು ಹಿಡಿದು ಕಚೇರಿ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರಲಿಲ್ಲ ಎಂಬುದೂ ಅಷ್ಟೇ ನಿಜ. ಆದರೂ ಲಂಡನ್ನಿನ ನ್ಯಾಯಾಲಯಗಳು ಮುಟ್ಟದೆ ಬಿಟ್ಟ ಜಾಗವನ್ನು ಭಾರತದ ಸಂಹಿತೆ 1860ರಲ್ಲೇ ಮುಟ್ಟಿತ್ತು. ಕೆಡುಕಿಲ್ಲದ ಬೇಜವಾಬ್ದಾರಿಯೂ ಕೆಡುಕು ಮಾಡುತ್ತದೆ ಎಂಬ ತಿಳಿವಳಿಕೆ ಆ ಒಂದು ಸಾಲಿನಲ್ಲಿದೆ. 1965ರಲ್ಲಿ ಹರ್‌ಭಜನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂಬತ್ತನೆಯ ವಿನಾಯಿತಿಯನ್ನು ಬಿಡಿಸಿ ಹೇಳುವಾಗಲೂ ಈ ಎಚ್ಚರದ ಅಂಶವನ್ನೇ ಎತ್ತಿ ಹಿಡಿಯಿತು.

ಅಮೆರಿಕದಲ್ಲಿ ಚೀಟಿಯ ಕಥೆ ರೈಲುಹಳಿಯ ಮೇಲೆ ನಡೆಯಿತು. 1894ರ ಪುಲ್‌ಮನ್ ಮುಷ್ಕರ ಮುರಿದುಬಿದ್ದ ಮೇಲೆ, ಮುಷ್ಕರದಲ್ಲಿದ್ದವರು ಬೇರೆ ಕಂಪನಿಗಳಿಗೆ ಹೋದರೂ ಕೆಲಸ ಸಿಗಲಿಲ್ಲ. ಕೈಯಲ್ಲಿದ್ದ ಬಿಡುಗಡೆ ಪತ್ರದಲ್ಲಿ ಒಂದು ಕೆಟ್ಟ ಮಾತೂ ಇರಲಿಲ್ಲ. ಗುಟ್ಟು ಇರುವುದು ಕಾಗದದ ನೀರುಗುರುತಿನಲ್ಲಿ ಎಂದು ಕಾರ್ಮಿಕರು ದೂರಿದರು: ಬೆಳಕಿಗೆ ಹಿಡಿದರೆ ಕೊಕ್ಕರೆಯ ಚಿತ್ರ ಕಾಣುತ್ತದೆ, ಮುಷ್ಕರಗಾರನ ಕಾಗದದಲ್ಲಿ ಆ ಕೊಕ್ಕರೆಯ ಕತ್ತು ಮುರಿದಿರುತ್ತದೆ. ಇಂಥ ಗುಪ್ತ ಪಟ್ಟಿಗಳ ವಿರುದ್ಧ ಎದ್ದ ಆಕ್ರೋಶದಿಂದ ಹಲವು ರಾಜ್ಯಗಳು ಕಾಯಿದೆ ಮಾಡಿದವು. 1905ರ ಮಿಸೌರಿ ಕಾಯಿದೆಯ ಪ್ರಕಾರ ಕಂಪನಿ ನೌಕರನಿಗೆ ಪತ್ರ ಕೊಡಲೇಬೇಕು. ಏನು ಕೆಲಸ, ಎಷ್ಟು ಕಾಲ, ಬಿಟ್ಟದ್ದಕ್ಕೆ ನಿಜವಾದ ಕಾರಣವೇನು ಎಂಬುದು ಅದರಲ್ಲಿರಬೇಕು. ಪ್ರುಡೆನ್ಶಿಯಲ್ ವಿಮಾ ಕಂಪನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1922ರಲ್ಲಿ ಸೋತಿತು. 1800ರಲ್ಲಿ ಕೆನ್ಯನ್ ಧಣಿಗೆ ಕೊಟ್ಟಿದ್ದ ಮೌನದ ಹಕ್ಕನ್ನು ಒಂದು ರಾಜ್ಯವಾದರೂ ಕಿತ್ತುಕೊಂಡಿತ್ತು.

ಇಂಗ್ಲೆಂಡಿನಲ್ಲಿ ಧಣಿಯ ಗೋಡೆ ಅಲುಗಿದ್ದು 1994ರ ಜುಲೈ 7ರಂದು. ಸ್ಪ್ರಿಂಗ್ ಮತ್ತು ಗಾರ್ಡಿಯನ್ ಅಶ್ಯೂರೆನ್ಸ್ ನಡುವಿನ ಮೊಕದ್ದಮೆ ಅದು. ವಿಮಾ ಪಾಲಿಸಿ ಮಾರುತ್ತಿದ್ದವನೊಬ್ಬ 1989ರಲ್ಲಿ ಕೆಲಸ ಕಳೆದುಕೊಂಡ. ಹೊಸ ಕಂಪನಿ ವಿಚಾರಿಸಿದಾಗ ಹಳೆಯ ಕಡೆಯಿಂದ ಬಂದ ರೆಫರೆನ್ಸ್ ಅವನಿಗೆ ಪ್ರಾಮಾಣಿಕತೆಯೇ ಇಲ್ಲವೆಂಬಂತಿತ್ತು. ಅಲ್ಲಿ ಕೆಲಸ ಸಿಗಲಿಲ್ಲ, ಇನ್ನೆರಡು ಕಡೆಯೂ ಸಿಗಲಿಲ್ಲ. ವಿಚಾರಣೆಯಲ್ಲಿ ಗೊತ್ತಾದದ್ದೇನೆಂದರೆ, ಆ ಮನುಷ್ಯ ಮೋಸಗಾರನಲ್ಲ. ಕೆಲಸದಲ್ಲಿ ಕೆಲವು ತಪ್ಪು ಮಾಡಿದ್ದ ಅಷ್ಟೆ. ರೆಫರೆನ್ಸ್ ಬರೆದವರಿಗೂ ದ್ವೇಷವಿರಲಿಲ್ಲ, ತಾವು ಬರೆದದ್ದನ್ನು ನಂಬಿಯೇ ಬರೆದಿದ್ದರು. ಕಡತವನ್ನು ಸರಿಯಾಗಿ ತೆಗೆದು ನೋಡಿರಲಿಲ್ಲ.

ದ್ವೇಷವಿಲ್ಲ ಎಂದಮೇಲೆ 1766ರ ಹುಡುಗಿಯಂತೆ ಇವನೂ ಬರಿಗೈಯಲ್ಲಿ ಮನೆಗೆ ಹೋಗಬೇಕಿತ್ತು. ಮೇಲ್ಮನವಿ ನ್ಯಾಯಾಲಯ ಹಾಗೆಯೇ ಕಳಿಸಿತ್ತು. ಆದರೆ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ನಾಲ್ವರು, ಗಾಫ್, ಲೌರಿ, ಸ್ಲಿನ್ ಮತ್ತು ವುಲ್ಫ್, ಬೇರೆ ದಾರಿ ತೆರೆದರು. ಮಾನಹಾನಿಯ ಕಾನೂನು ಧಣಿಯನ್ನು ಕಾಯುವುದಾದರೆ ಕಾಯಲಿ. ನಿರ್ಲಕ್ಷ್ಯದ ಕಾನೂನಿನಡಿ ಅವನು ಉತ್ತರ ಹೇಳಬೇಕು. ರೆಫರೆನ್ಸ್ ಬರೆಯುವವನ ಕೈಯಲ್ಲಿ ಇನ್ನೊಬ್ಬನ ಬದುಕಿದೆ, ಆದ್ದರಿಂದ ತಕ್ಕ ಎಚ್ಚರ ವಹಿಸಿ ಬರೆಯುವುದು ಅವನ ಹೊಣೆ. ಕಲ್ಕತ್ತೆಯಲ್ಲಿ 1860ರಲ್ಲಿ ಬರೆದಿಟ್ಟ ಆ ‘ಎಚ್ಚರ’ ಬೇರೊಂದು ಬಾಗಿಲಿನಿಂದ ಲಂಡನ್ನಿಗೆ ಬಂದು ಸೇರಲು 134 ವರ್ಷ ಹಿಡಿಯಿತು.

ಒಪ್ಪದೆ ಉಳಿದ ಒಬ್ಬರು ಲಾರ್ಡ್ ಕೀತ್. ಹೀಗಾದರೆ ಜನ ಮನಬಿಚ್ಚಿ ಬರೆಯುವುದನ್ನೇ ಬಿಡುತ್ತಾರೆ ಎಂಬುದು ಅವರ ಆತಂಕ. ಮ್ಯಾನ್ಸ್‌ಫೀಲ್ಡನ ಕಾಲದ ಆತಂಕವೇ ಅದು. ಮುಂದೆ ನಡೆದದ್ದನ್ನು ನೋಡಿದರೆ ಅವರನ್ನು ತಪ್ಪೆನ್ನುವುದು ಕಷ್ಟ. ಬ್ರಿಟನ್ನಿನ ಎಷ್ಟೋ ಕಂಪನಿಗಳು ಹುದ್ದೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇಷ್ಟನ್ನು ಮಾತ್ರ ಬರೆಯುವ ನಿಯಮ ಮಾಡಿಕೊಂಡವು.

ಈ ಮೌನದ ಬೆಲೆ ಏನೆಂಬುದನ್ನು ಅಮೆರಿಕ ಭೀಕರವಾಗಿ ಕಂಡಿತು. ಮೊಕದ್ದಮೆಗಳಿಗೆ ಹೆದರಿದ ಅಲ್ಲಿಯ ಕಂಪನಿಗಳು ಬಾಯಿ ಮುಚ್ಚಿದ್ದವು. ಬಾಯಿ ತೆರೆಸಲೆಂದು 1990ರ ದಶಕದಲ್ಲಿ ರಾಜ್ಯದ ಮೇಲೆ ರಾಜ್ಯ ಕಾಯಿದೆ ತಂದು, ಸದ್ಭಾವನೆಯಿಂದ ರೆಫರೆನ್ಸ್ ಕೊಟ್ಟವರಿಗೆ ರಕ್ಷಣೆಯನ್ನು ಬರಹದಲ್ಲೇ ಕೊಟ್ಟವು. 1997ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದರ ಇನ್ನೊಂದು ಮುಖ: ಮಕ್ಕಳೊಂದಿಗೆ ಕೆಟ್ಟದಾಗಿ ನಡೆದುಕೊಂಡ ದೂರುಗಳಿದ್ದ ಶಾಲಾ ಅಧಿಕಾರಿಯೊಬ್ಬನನ್ನು ಹಳೆಯ ಶಾಲಾ ಮಂಡಳಿಗಳು, ಆ ದೂರುಗಳ ಸುದ್ದಿಯನ್ನೇ ಎತ್ತದೆ, ಬಾಯಿತುಂಬ ಹೊಗಳಿ ಪತ್ರ ಕೊಟ್ಟು ಸಾಗಹಾಕಿದ್ದವು. ಹೊಸ ಶಾಲೆಯಲ್ಲಿ ಒಬ್ಬ ಹುಡುಗಿ ಅವನ ಮೇಲೆ ದೂರು ಕೊಟ್ಟಳು. ಇಂಥ ಅರ್ಧಸತ್ಯದ ಹೊಗಳಿಕೆ ಬರೆದವರೂ ಹೊಣೆಗಾರರು ಎಂದು ನ್ಯಾಯಾಲಯ ಹೇಳಿತು.

ಅದಕ್ಕಿಂತ ಘೋರವಾದದ್ದು ಚಾರ್ಲ್ಸ್ ಕಲೆನ್ ಎಂಬ ನರ್ಸ್‌ನದು. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ 16 ವರ್ಷ ಕೆಲಸ ಮಾಡಿದ ಈತ ರೋಗಿಗಳಿಗೆ ಔಷಧದ ವಿಪರೀತ ಪ್ರಮಾಣ ಚುಚ್ಚಿ ಕೊಲ್ಲುತ್ತಿದ್ದ. ಒಂದು ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಅಲ್ಲಿಂದ ಹೊರಬೀಳುತ್ತಿದ್ದ, ಮುಂದಿನ ಆಸ್ಪತ್ರೆ ವಿಚಾರಿಸಿದರೆ ಅನುಮಾನದ ಸುದ್ದಿ ಅಲ್ಲಿಗೆ ತಲುಪುತ್ತಿರಲಿಲ್ಲ. 2003ರ ಡಿಸೆಂಬರ್‌ನಲ್ಲಿ ಬಂಧನವಾಯಿತು. 29 ಕೊಲೆಗಳ ತಪ್ಪೊಪ್ಪಿಕೊಂಡ. ಆಮೇಲೆ 2005ರಲ್ಲಿ ನ್ಯೂಜೆರ್ಸಿ, ಆರೋಗ್ಯ ಸಿಬ್ಬಂದಿಯ ಬಗ್ಗೆ ಇನ್ನೊಂದು ಆಸ್ಪತ್ರೆ ಕೇಳಿದರೆ ನಿಜ ಹೇಳಲೇಬೇಕು, ಸದ್ಭಾವನೆಯಿಂದ ಹೇಳಿದವರಿಗೆ ಮೊಕದ್ದಮೆಯ ಭಯವಿಲ್ಲ ಎಂದು ಕಾಯಿದೆ ಮಾಡಿತು. ರಕ್ಷಣೆ ಮತ್ತು ಬಾಧ್ಯತೆ ಒಂದೇ ಕಾಯಿದೆಯಲ್ಲಿ ಜೊತೆಯಾಗಿ ಬಂದವು. ಇನ್ನೂರೈವತ್ತು ವರ್ಷಗಳ ಹಗ್ಗಜಗ್ಗಾಟದಲ್ಲಿ ಇದಕ್ಕಿಂತ ಹದವಾದ ಏರ್ಪಾಡು ಇನ್ನೊಂದಿಲ್ಲ. ಅದನ್ನು ಕಾಣಲು ಅಷ್ಟು ಜನ ಸಾಯಬೇಕಾಯಿತೆಂಬುದು ಸಂಕಟದ ಸಂಗತಿ.

ಕರ್ನಾಟಕದ ಕಾರ್ಖಾನೆಗಳಿಗೆ ಚೀಟಿ ಬೇರೆ ರೂಪದಲ್ಲಿ ಬಂತು. 1946ರ ಸ್ಥಾಯಿ ಆದೇಶಗಳ ಕಾಯಿದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿಯಲ್ಲಿ, ಕೆಲಸದಿಂದ ವಜಾ ಆದವನೂ ಸೇರಿ ಪ್ರತಿ ಕಾಯಂ ಕಾರ್ಮಿಕನಿಗೂ ಸರ್ವೀಸ್ ಸರ್ಟಿಫಿಕೇಟ್ ಪಡೆಯುವ ಹಕ್ಕಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ರಿಲೀವಿಂಗ್ ಲೆಟರ್ ಇಲ್ಲದೆ ಮುಂದಿನ ಬಾಗಿಲು ತೆರೆಯುವುದು ಕಷ್ಟ. ಅದರಲ್ಲಿ ಬಹಳ ಸಲ ಇರುವುದು ಹುದ್ದೆ, ಎರಡು ತಾರೀಕು, ಮುಂದಿನ ಬದುಕಿಗೆ ಶುಭ ಹಾರೈಕೆ. ನಿಜವಾದ ಮಾತು ನಡೆಯುವುದು ಎಚ್‌ಆರ್‌ನವರ ಫೋನಿನಲ್ಲಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಏಜೆನ್ಸಿಯ ನಮೂನೆಯಲ್ಲಿ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. ಮಾನಹಾನಿ ಈಗ 356ನೆಯ ಕಲಮು. ಹತ್ತು ವಿನಾಯಿತಿಗಳು ಹಾಗೆಯೇ ಇವೆ, ಧಣಿಗೆ ದೂರು ಹೇಳುವ ‘ಎ’ಯೂ ಆಳು ‘ಝಡ್’ನೂ ಹಾಗೆಯೇ ಇದ್ದಾರೆ. ಎಚ್ಚರ ಮತ್ತು ಗಮನವಿಲ್ಲದ್ದು ಸದ್ಭಾವನೆಯಲ್ಲ ಎಂಬ ಸಾಲೂ ಉಳಿದಿದೆ.

ಹಳೆಯ ದಂಡಿನ ಬಂಗಲೆಗಳಲ್ಲಿ ಎಷ್ಟೋ ಈಗ ಅಪಾರ್ಟ್‌ಮೆಂಟುಗಳಾಗಿವೆ. ಅಲ್ಲಿಗೆ ಮನೆಗೆಲಸ ಕೇಳಿಕೊಂಡು ಬರುವ ಹೆಂಗಸರ ಕೈಯಲ್ಲಿ ಕಾಗದದ ಗಂಟಿಲ್ಲ, ಮೊಬೈಲ್ ಇದೆ. ಹೊಸ ಮನೆಯವರು ಹಿಂದೆ ಎಲ್ಲಿದ್ದೆ ಎಂದು ಕೇಳಿದರೆ, “ಆ ಮೇಡಂ ನಂಬರ್ ಕೊಡ್ತೀನಮ್ಮ, ನೀವೇ ಕೇಳಿ” ಎನ್ನುತ್ತಾರೆ. ಫೋನ್ ಮಾಡುವ ಹೊತ್ತಿಗೆ ಮನೆಯಾಕೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಕೆಲಸ ಕೇಳಿ ಬಂದಾಕೆ ಚಪ್ಪಲಿಯ ಪಕ್ಕ ನಿಂತು ಕಾಯುತ್ತಾರೆ.